ಎಡಗಣ್ಣಿನ ಟೀವಿ

ಡಿಸೆಂಬರಿನ ಮೊದಲ ವಾರ. ಹಕೊದಾತೆಯಲ್ಲಿ
ಟ್ರಾಮಿನ ಹಳಿಯಷ್ಟೇ ಕಪ್ಪು, ಮಿಕ್ಕಿದ್ದೆಲ್ಲ ಹಿಮ.
ಹಮಾಯಾ ತಾತ್ಸುಜಿರೊ ಅಂಗಡಿಗೆ ಫೋನು ಮಾಡಿದರು:
"ನೀನೇ ಮಾರಿದ ಟೀವಿ, ನೀನೇ ಬಂದು ನೋಡು.
ಹೊಸ ಪ್ರಸಾರವಂತೆ. ನನ್ನ ಮನೆಯಲ್ಲದು
ಒಗೆದೊಗೆದು ಬಣ್ಣಬಿಟ್ಟ ಅಂಗಿ."

ಹೌದು, ನಾನೇ ಮಾರಿದ್ದು, ಮೂರು ವರ್ಷದ ಕೆಳಗೆ.
ಮೂಲೆಯಲ್ಲಿ ಇನ್ನೂ ಇದೆ ಫೋರ್‌ಕೆ ಎಂಬ ಚಿನ್ನದ ಚೀಟಿ.
"ಹತ್ತು ವರ್ಷ ಚಿಂತೆಯಿಲ್ಲ" ಅಂದಿದ್ದೆ ಆವತ್ತು.
ಬೆಳಕನ್ನು ಬರೆಯುವ ಹೊಸ ಲಿಪಿ
ಆಗಿನ್ನೂ ಪ್ರಯೋಗಶಾಲೆಯ ಹೊಟ್ಟೆಯಲ್ಲಿತ್ತು.
ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದು
ಕಂತಿನ ಮೇಲೆ ಮಾರಿದವನು ನಾನು.

ಬೂಟು ಬಿಚ್ಚಿ ಒಳಗೆ ಹೋದೆ. ಸೀಮೆಎಣ್ಣೆ ಒಲೆ,
ಬೆನ್ನಿಗೆ ಟೇಪು ಸುತ್ತಿಸಿಕೊಂಡ ರಿಮೋಟು.
ತಂತಿ ಕಿತ್ತು ಎರಡನೇ ತೂತಿಗೆ ಹಾಕಿದೆ.
ಮೊದಲನೆಯದಕ್ಕೆ ಹೊಸ ಮಾತು ಕೇಳಿಸುವುದೇ ಇಲ್ಲ,
ಎರಡನೆಯದಕ್ಕೆ ಕೇಳಿಸುತ್ತದೆ, ತಿಳಿಯುವುದಿಲ್ಲ.
ಮೆನುವಿನೊಳಗೆ ಮೆನು, ಅದರೊಳಗೆ ಇನ್ನೊಂದು.
ಕೊನೆಗೆ ಕಂಪನಿಯ ವಿನಯದ ಎರಡು ಸಾಲು:
ಈ ಮಾದರಿಗೆ ಇನ್ನು ಅಪ್‌ಡೇಟ್ ಇರುವುದಿಲ್ಲ, ಕ್ಷಮಿಸಿ.

"ಕಳಿಸುವವರು ಜಾಣರು, ಹಮಾಯಾ ಸಾನ್," ಎಂದೆ.
"ಮನೆಮನೆಯಲ್ಲೂ ಹಳೆಯ ಪರದೆ ಇದೆಯೆಂದು ಬಲ್ಲರು.
ಅದಕ್ಕೇ ನೆರಳಿನಿಂದ ನಡುಮಧ್ಯದವರೆಗೆ
ಹಳೆಯ ರೂಢಿಯಲ್ಲೇ ಬರೆದು, ಮೇಲಿನರ್ಧವನ್ನು,
ಕಿಡಿ, ಹಿಮ, ನೀರಿನ ಮೇಲಿನ ಸೂರ್ಯ ಎಲ್ಲ,
ಮಡಚಿ ಮಡಚಿ ಗಂಟು ಕಟ್ಟಿದ್ದಾರೆ.
ಬಿಚ್ಚಬಲ್ಲದ್ದು ಬಿಚ್ಚುತ್ತದೆ.
ಬಾರದ್ದು ಗಂಟನ್ನೇ ತೋರಿಸುತ್ತದೆ.
ಬಣ್ಣದ ಲೆಕ್ಕದಲ್ಲಿ ಮಾತ್ರ ಅಷ್ಟು ದಯೆಯಿಲ್ಲ,
ಕೆಂಪು ಅಂದರೆ ಇದು ಅರೆಗೆಂಪು ಅಂದುಕೊಳ್ಳುತ್ತದೆ."

"ನನಗೆ ಬೆಳಕಿನ ಪಾಠ ಹೇಳಬೇಡ," ಅಂದರು.
"ಮೂವತ್ತೆಂಟು ವರ್ಷ ಕಣವೆ ಮೀನಿನ ದೋಣಿ.
ನೆತ್ತಿಯ ಮೇಲೆ ಐವತ್ತು ದೀಪ,
ಒಂದೊಂದೂ ಮೂರು ಕಿಲೋವಾಟ್.
ಹೊಸಬರಿಗೆ ಮೊದಲ ಪಾಠವೇ, ಮೇಲೆ ನೋಡಬೇಡ."

ವ್ಯಾನಿನಿಂದ ಹೊಸ ಟೀವಿ ತಂದು ಪಕ್ಕಕ್ಕಿಟ್ಟೆ.
ಅದೃಷ್ಟಕ್ಕೋ ಗ್ರಹಚಾರಕ್ಕೋ
ಪರದೆಯಲ್ಲಿ ತ್ಸುಗರು ಜಲಸಂಧಿ, ರಾತ್ರಿ, ದೋಣಿ.
ಹಳೆಯದರಲ್ಲಿ ದೀಪಗಳು ಸುಣ್ಣದುಂಡೆಯ ಸಾಲು.
ಹೊಸದರಲ್ಲಿ ಗಾಜಿಗೆ ದುಂಡಗೆ ಮೈಯಿತ್ತು,
ಗಾಜಿನ ಮೇಲೆ ಉಪ್ಪಿನ ಹಕ್ಕಳೆಯಿತ್ತು,
ದೀಪದ ಹಿಂದೆ, ಕತ್ತಲು ಶುರುವಾಗುವಲ್ಲಿ,
ಹಗ್ಗ ಹಿಡಿದ ಹುಡುಗನೊಬ್ಬ ಆಕಳಿಸುತ್ತಿದ್ದ.

ಮುದುಕ ಬಲಗಣ್ಣು ಮುಚ್ಚಿದರು.
ಆಮೇಲೆ ಎಡಗಣ್ಣು. ಮತ್ತೆ ಬಲ.
ಅಕ್ಟೋಬರಿನಲ್ಲಿ ಪೊರೆ ತೆಗೆಸಿದ್ದರು, ಒಂದೇ ಕಣ್ಣಿನದು.

"ಎಡಗಣ್ಣಿಗೆ ಎರಡೂ ಒಂದೇ ಕಣಯ್ಯಾ,
ಚಹಾದಲ್ಲಿ ಅದ್ದಿ ತೆಗೆದ ಹಾಗೆ.
ಬಲಗಣ್ಣಿಗೆ ನಿನ್ನ ಹೊಸದು ಚುಚ್ಚುತ್ತದೆ.
ಆಸ್ಪತ್ರೆಯಿಂದ ಬಂದ ದಿನ ಇವಳ ಬೂದು ಕೋಟು
ನೀಲಿಯಾಗಿತ್ತು. ಯಾವಾಗ ತಗೊಂಡೆ ಅಂದೆ."
ಚಹಾ ಇಡುತ್ತಿದ್ದ ಸುಮಿಯೆ ನಕ್ಕರು:
"ಒಂಬತ್ತು ವರ್ಷವಾಯಿತು. ಇವರೇ ಕೊಡಿಸಿದ್ದು."

"ಪೊರೆ ಹೇಳಿ ಕೇಳಿ ಬರುವುದಿಲ್ಲವಲ್ಲ.
ಯಾವ ವರ್ಷದಿಂದ ನಾನು ಹಳೆಯ ಟೀವಿ?
ಕೊನೆಕೊನೆಗೆ ಕಂಡ ಕಡಲು ಯಾವ ಬಣ್ಣದ್ದು?"

ನನ್ನ ಕೈಲಿದ್ದ ಪಟ್ಟಿಯಲ್ಲಿ
ಯಾವ ಮಾದರಿಗೆ ಯಾವ ಡಬ್ಬಿ, ಯಾವ ತಂತಿ, ಎಷ್ಟು ಯೆನ್,
ಎಲ್ಲ ಇತ್ತು. ಮಡಚಿ ಜೇಬಿಗಿಟ್ಟೆ.

"ವಸಂತದಲ್ಲಿ ಎಡಗಣ್ಣಿನದೂ ಆಗುತ್ತದೆ. ಆಗ ತಾ.
ಈಗ ಒಯ್ಯಿ ಇದನ್ನು. ಆ ಹುಡುಗ
ಮಲಗಲಿ ಪಾಪ, ನಿದ್ದೆಗೆಟ್ಟಿದ್ದಾನೆ.
ಹೋಗುವಾಗ ಆ ಚಿನ್ನದ ಚೀಟಿ ಕಿತ್ತುಕೊಂಡು ಹೋಗು."

ಉಗುರಿನಿಂದ ಕೆರೆದೆ.
ಅರ್ಧ ಬಂತು. ಅಂಟು ಉಳಿಯಿತು.